ಕಪ್ಪು ನಿಲುವಂಗಿಯವನೂ ನಮ್ಮ ಸ್ಲ್ಯಾಬೂ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೋದಂತೆ ನನ್ನ ಮಾನ ಹೋಗುವುದಿದೆ.

ಘಟಿಕೋತ್ಸವಕ್ಕೆ ತೊಡುವ ಕಪ್ಪು ನಿಲುವಂಗಿ ಬಾಡಿಗೆಗೆ ಸಿಗುತ್ತದೆ. ಅಪ್ಪ ಹತ್ತಿ ಅಂಡಿಗೆ ಹೊತ್ತು, ಅವ್ವ ಭತ್ತದ ನಾಟಿ ಹಚ್ಚಿ ಓದಿಸಿದ ಡಿಗ್ರಿಗೆ ಮಂದಿ ತೊಟ್ಟುಬಿಟ್ಟ ಅಂಗಿಯೇಕೆ ಎಂದು ನಾನು ಹಟ ಹಿಡಿದು ಹೊಸದನ್ನೇ ಹೊಲಿಸಿದೆ. ಶಹಾಪುರದ ಟೇಲರ್ ಚಾಚಾ ಅಂಥದ್ದನ್ನು ಅದುವರೆಗೆ ಹೊಲಿದಿರಲಿಲ್ಲ. ಎಡತೋಳು ನಾಲ್ಕು ಬೆರಳು ಗಿಡ್ಡವಾಯಿತು. "ಕೈ ಕಟ್ಟಿ ನಿಂತ್ರ ಗೊತ್ತಾಗಂಗಿಲ್ಲ ಬೇಟಿ" ಎಂದು ಕಳಿಸಿದರು. ಅಷ್ಟರಲ್ಲಿ ವಿಶ್ವವಿದ್ಯಾಲಯದವರು ಘಟಿಕೋತ್ಸವವನ್ನು ಮುಂದೂಡಿದರು. ಆಮೇಲೆ ಮತ್ತೊಮ್ಮೆ ಮುಂದೂಡಿದರು. ನಾನು ನಿಲುವಂಗಿಯನ್ನೂ ಗೊಂಡೆಯ ಚೌಕ ಟೋಪಿಯನ್ನೂ ಊರಿನ ಮನೆಯ ಟ್ರಂಕಿನಲ್ಲಿಟ್ಟು, ಯಾದಗಿರಿಯ ಒಂದು ಶಾಲೆಯಲ್ಲಿ ಪಾಠ ಹೇಳಲು ಹೋದೆ.

ಅತ್ತ ಸುರಪುರದ ಅಂಚಿಗೆ, ಬಸ್ಸಿನ ರಸ್ತೆಗೆ ಕಾಣುವಂತೆ, ನಮ್ಮ ಹೊಸ ಮನೆ ಏಳುತ್ತಿತ್ತು. ಗೋಡೆ ಮುಗಿದಿತ್ತು, ಸೆಂಟ್ರಿಂಗ್ ಹಲಗೆ ಬಡಿದಾಗಿತ್ತು, ಸೋಮವಾರ ಸ್ಲ್ಯಾಬ್. ಗಾರೆ ಕೆಲಸದ ಗೌಂಡಿಗಳು ಗುರುಮಠಕಲ್ ಆಚೆಯ ತೆಲುಗು ಮಂದಿ. ಮಳೆ ಹಿಡಿದರೆ ಹಲಗೆ ಉಬ್ಬಿ ಎಲ್ಲ ಕೆಲಸವೂ ಮೊದಲಿಗೆ ಬರುತ್ತಿತ್ತು. ಆದ್ದರಿಂದ ಆ ಸೋಮವಾರದ ಮೇಲೆಯೇ ಅವ್ವನ ಜೀವವಿತ್ತು.

ಅದಕ್ಕೂ ಮುಂಚಿನ ಗುರುವಾರ ನಾನು ಯಾದಗಿರಿಯ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಟಿವಿಯಲ್ಲಿ ಸುರಪುರದ ಹೆಸರು ಬಂತು. ಓಡುವ ಬಸ್ಸಿನ ಕಿಟಕಿಯಿಂದ ಯಾರೋ ಫೋನಿನಲ್ಲಿ ಹಿಡಿದ ವಿಡಿಯೋ. ದೂರದಲ್ಲಿ, ಮಸುಕಾಗಿ, ಗೋಡೆಯೊಂದರ ಮೇಲೆ ಕಪ್ಪಗೆ ಉದ್ದಕ್ಕೆ ನಿಂತ ಒಬ್ಬ. ಸುತ್ತ ಕೆಂಪು ಗೆರೆ, ಪಕ್ಕದಲ್ಲಿ ಕುಣಿಯುವ ಬಾಣ, ಹಿಂದೆ ಹೆಣ ಎತ್ತುವಾಗಿನಂಥ ಸಂಗೀತ. "ಮೂರು ದಿನದಿಂದ ಕದಲಿಲ್ಲ! ಊಟವಿಲ್ಲ, ನೀರಿಲ್ಲ! ಇದು ಸಾಮಾನ್ಯ ಮನುಷ್ಯನಿಂದ ಸಾಧ್ಯವೇ?" ಎಂದು ನಿರೂಪಕ ಚೀರಿದ. ಪಕ್ಕದಲ್ಲಿ ಕೂತ ತಜ್ಞರು, ಇಂಥ ನಿಶ್ಚಲತೆಗೆ ವಿದೇಶದಲ್ಲಿ ವರ್ಷಗಟ್ಟಲೆ ತರಬೇತಿ ಬೇಕು ಎಂದರು. ತಲೆಯ ಮೇಲಿನ ಚೌಕದ ವಸ್ತು ಸಂಕೇತ ಹಿಡಿಯುವ ಉಪಕರಣವಂತೆ. ಜೋತುಬಿದ್ದ ದಾರ ಅದರ ಆಂಟೆನಾ.

ಈಗ ನನ್ನ ಮಾನದ ವಿಷಯ. ಡಿಗ್ರಿ ಪಡೆದ ನಾನು ಅದನ್ನು ಬಾಯಿ ತೆರೆದು ನೋಡಿದೆ. "ಎಲ್ಲರೂ ಎಚ್ಚರ" ಎಂದು ಬರೆದು ಹನ್ನೊಂದು ಮಂದಿಗೆ ಕಳಿಸಿದೆ. ಅವ್ವನಿಗೆ ಫೋನ್ ಹಚ್ಚಿದೆ.

"ಯವ್ವಾ, ಬಾಗಿಲ ಹಾಕ್ಕೊ. ಊರಾಗ ಯಾರೋ ಬಂದಾನ."

"ನಾನೂ ಟಿವಿ ನೋಡಾಕತ್ತೇನಿ" ಎಂದಳು ಅವ್ವ ಪಿಸುದನಿಯಲ್ಲಿ. "ಈ ಮನಿ ಬಾಗಿಲ ಹಾಕೇನಿ. ಹೊಸ ಮನಿಗೆ ಬಾಗಿಲ ಎಲ್ಲೈತಿ ಹಾಕ್ಕೊಳ್ಳಾಕ? ನಿಮ್ಮಪ್ಪನ್ನ ಅಡ್ಡ ಮಲಗಿಸೇನಿ."

ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿದೆ. ಶಹಾಪುರ ದಾಟಿ ಸುರಪುರ ಹತ್ತಿರವಾದಂತೆ ಬಸ್ಸಿನವರೆಲ್ಲ ಒಂದೇ ಕಡೆಯ ಕಿಟಕಿಗೆ ಬಿದ್ದರು. "ಅಗೋ! ಅಗೋ ನಿಂತಾನ!" ನಾನೂ ಕತ್ತು ಚಾಚಿದೆ. ನಿಂತಿದ್ದ, ನಿಜ. ನಮ್ಮ ಮನೆಯ ಗೋಡೆಯ ಮೇಲೆ ನಿಂತಿದ್ದ. ಎಡತೋಳು ನಾಲ್ಕು ಬೆರಳು ಗಿಡ್ಡವಿತ್ತು.

ಕಟ್ಟುವ ಮನೆಗೆ ದೃಷ್ಟಿಗೊಂಬೆ ನಿಲ್ಲಿಸುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಗಳಕ್ಕೆ ಹುಲ್ಲು ಸುತ್ತಿ, ಹಳೇ ಅಂಗಿ ತೊಡಿಸಿ, ತಲೆಗೆ ಗಡಿಗೆ ಬೋರಲು ಹಾಕಿ, ಅದಕ್ಕೆ ಸುಣ್ಣದಲ್ಲಿ ಕಣ್ಣು ಮೀಸೆ ಬರೆಯುತ್ತಾರೆ. ಅವ್ವ ಹಳೇ ಅಂಗಿ ಹುಡುಕಲು ಹೋಗಿರಲಿಲ್ಲ.

"ನನ್ನ ಡಿಗ್ರಿ ಅಂಗಿ!" ಎಂದು ನಾನು ಬಸ್ಸಿಳಿದವಳೇ ಕೂಗಿದೆ.

"ಮಂದಿ ಕಣ್ಣು ಬರೇ ಮನಿ ಮ್ಯಾಲ ಐತೇನ? ನಿನ್ನ ಡಿಗ್ರಿ ಮ್ಯಾಲೂ ಐತಿ" ಎಂದಳು ಅವ್ವ. "ಎರಡೂ ದಿಷ್ಟಿ ಒಮ್ಮಿಗೇ ಹೋಗ್ಲಿ ಅಂತ ಹಾಕೇನಿ. ತಪ್ಪೇನ?"

"ಮತ್ತ ಟಿವಿ ನೋಡಿ ಅಂಜಿದ್ಯಲ್ಲ?"

"ಟಿವ್ಯಾಗ ತೋರಿಸಿದವ ಬ್ಯಾರೇನ ಇದ್ದನಲ್ಲ! ಅವ್ನ ಸುತ್ತ ಕೆಂಪ ಗೆರಿ ಇತ್ತು."

ನಗಲು ಪುರುಸೊತ್ತಿರಲಿಲ್ಲ. ಬೀದಿಯಲ್ಲಿ ಟಂಟಂ ಆಟೋ ಮೇಲೆ ಮೈಕು ಕಟ್ಟಿಕೊಂಡು ನಮ್ಮ ವಾರ್ಡಿನ ಯುವ ಮುಖಂಡ ಬರುತ್ತಿದ್ದ. ಚುನಾವಣೆ ಹತ್ತಿರವಿತ್ತು. "ಬಂಧುಗಳೇ, ಹೊರಗಿನವರು ಊರು ಹೊಕ್ಕಾರ! ಬ್ಯಾರೆ ಭಾಷಾ ಮಾತಾಡೋರನ್ನ ಗುರುತಿಟ್ಟುಕೊಳ್ರಿ! ನಾ ಇರೋತನಕ ನಿಮಗ ಭಯ ಇಲ್ಲ, ಆದ್ರ ಭಯ ಬಿಡಬ್ಯಾಡ್ರಿ!" ಹಿಂದೆ ಇಪ್ಪತ್ತು ಮೂವತ್ತು ಮಂದಿ. ಅದನ್ನು ಎರಡು ದಿನದಿಂದ ಕೇಳಿ ಕೇಳಿ ನಮ್ಮ ಗೌಂಡಿಗಳು ಕರಣೆ, ತೂಗುಗುಂಡು, ಹಾಸಿಗೆ ಎಲ್ಲ ಚೀಲಕ್ಕೆ ತುಂಬಿ ಕಟ್ಟೆಯ ಮೇಲೆ ಕೂತಿದ್ದರು.

"ನಾವ್ ಪೋತಾಮಮ್ಮಾ" ಎಂದ ದೊಡ್ಡ ಗೌಂಡಿ ಅವ್ವನಿಗೆ, ಹೊರಟೆವು ಎಂಬಂತೆ ಚೀಲ ತೋರಿಸಿ. "ಗುರುತಿಡ್ರಿ ಅಂತ ಹೇಳ್ತಾ ಉನ್ನಾರು. ಐದೂವರಿ ಬಸ್ಸಿಗಿ ಪೋತಾಮು."

ಅವ್ವನ ಮುಖ ಇಳಿಯಿತು. ನಾನು ನಿಚ್ಚಣಿಕೆ ಹತ್ತಿ ಗೊಂಬೆಯ ಟೋಪಿ ಕಿತ್ತೆ, ಗಡಿಗೆ ಎತ್ತಿ ಎಲ್ಲರಿಗೂ ತೋರಿಸಿದೆ. "ಅಣ್ಣಾರ, ನೋಡ್ರಿ, ಗಡಿಗಿ! ಇದು ಹುಲ್ಲು! ಇದು ನನ್ನ ಡಿಗ್ರಿ ಅಂಗಿ!"

ಜನ ಗಡಿಗೆ ನೋಡಿದರು, ಮುಖಂಡನತ್ತ ತಿರುಗಿದರು. ಮುಖಂಡ ಗಂಟಲು ಸರಿಮಾಡಿಕೊಂಡ. ಆಮೇಲೆ ಮೈಕು ಬಾಯಿಗಿಟ್ಟ. "ಬಂಧುಗಳೇ, ಎಂಥಾ ಚಾಲಾಕಿ ನೋಡ್ರಿ! ಅಂವ ಓಡಿ ಹೋಗ್ಯಾನ, ತನ್ನ ಬದ್ಲಿ ಗೊಂಬಿ ನಿಲ್ಲಿಸ್ಯಾನ!"

ಜನ ಚಪ್ಪಾಳೆ ಹೊಡೆದರು. ಆರು ಸೆಮಿಸ್ಟರ್ ತರ್ಕ ಓದಿದ ನಾನು ಗಡಿಗೆಯನ್ನು ಮತ್ತೆ ಗೊಂಬೆಗೇ ಬೋರಲು ಹಾಕಿದೆ.

ಅಷ್ಟರಲ್ಲಿ ಗುಂಪಿನೊಳಗಿಂದ, ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡೇ, ಶಹಾಪುರದ ಟೇಲರ್ ಚಾಚಾ ನುಗ್ಗಿ ಬಂದರು. ಅಂಗಡಿ ಮುಚ್ಚಿ ಬಸ್ಸು ಹತ್ತಿದ್ದರಂತೆ.

"ಅದು ನಾ ಹೊಲಿದಿದ್ದರೀ!" ಎಂದು ಕೂಗಿದರು. "ಎರಡ ದಿನ ಆತು, ನನ್ನ ಗಿಡ್ಡ ತೋಳಿಗಿ ಕೆಂಪ ಗೆರಿ ಹಾಕಿ ಇಡೀ ರಾಜ್ಯಕ್ಕ ತೋರಿಸಾಕತ್ತಾರ! ನನ್ನ ಇಜ್ಜತ್ ಏನಾಗಬೇಕು? ಮೊದಲ ಅದನ್ನ ಬಿಚ್ಚವ್ವಾ, ಸರಿ ಮಾಡಿ ಕೊಡ್ತೀನಿ!"

ಯಾರೋ ಕಿಸಕ್ಕೆಂದರು. ಇನ್ನೊಬ್ಬರು. ಮುಖಂಡ ಮೈಕನ್ನು ತಟ್ಟಿ, "ಈ ದರ್ಜಿ ಯಾರ ಕಡೆಯವ?" ಎಂದು ಶುರುಮಾಡಿದ. ಅವ್ವ ಅವನನ್ನು ಮುಗಿಸಲು ಬಿಡಲಿಲ್ಲ. ಕಾಂಕ್ರೀಟ್ ಹೊರುವ ಬುಟ್ಟಿ ಎತ್ತಿಕೊಂಡು ಟಂಟಂ ಮುಂದೆ ಹೋಗಿ ನಿಂತಳು.

"ತಮ್ಮಾ, ಹೊರಗಿನವ್ರು ಹೋಗ್ಲಿ ಬಿಡು. ಸೋಮವಾರ ಸ್ಲ್ಯಾಬ್ ಐತಿ. ಮುಂಜಾನಿ ಆರಕ್ಕ ಬಾ. ಇದನ್ನ ಹಿಡಿ. ನಿನ್ನವ್ರೂ ಮೂವತ್ತ ಮಂದಿ ಇದ್ದಾರ, ಒಬ್ಬೊಬ್ರಿಗಿ ಒಂದೊಂದ ಬುಟ್ಟಿ ಕೊಡ್ತೀನಿ. ಸಂಜೀತನಕ ಹೊರಬೇಕ ನೋಡು, ನಡುವ ಕೂಡಂಗಿಲ್ಲ."

ಮುಖಂಡ ಬುಟ್ಟಿ ನೋಡಿದ. ಹಿಂದೆ ತಿರುಗಿ ಮೂವತ್ತು ಮಂದಿಯನ್ನು ನೋಡಿದ. ಅಷ್ಟರಲ್ಲಿ ಅವರು ಹನ್ನೆರಡಾಗಿದ್ದರು. "ನನಗ ಸೊಂಟ ನೋವೈತಿ ಅತ್ತೀ" ಎಂದು ಮೈಕಿನಲ್ಲೇ ಹೇಳಿಬಿಟ್ಟ. ಇಡೀ ಓಣಿಗೆ ಕೇಳಿಸಿತು.

ಈ ಸಲ ಮೊದಲು ನಕ್ಕವನು ದೊಡ್ಡ ಗೌಂಡಿ. ಚೀಲದ ಗಂಟು ಬಿಚ್ಚಿ ಕರಣೆ ಹೊರತೆಗೆದ. ಒಂದೇ ಶರತ್ತು ಹಾಕಿದ. "ಆ ಕಪ್ಪು ಅಂಗಿ ತೀಸೇಯ್ರಿ, ತೆಗೀರಿ ಅಮ್ಮಾ. ರಾತ್ರಿ ಒಂದಕ್ ಏಳಾಕ ನಮ್ ಹುಡುಗ್ರು ಹೆದರ್ತಾರು."

ಗೊಂಬೆಗೆ ಅಪ್ಪನ ತೂತು ಬಿದ್ದ ಬನಿಯನ್ ತೊಡಿಸಿದೆವು. ಸೋಮವಾರ ಸ್ಲ್ಯಾಬ್ ಬಿತ್ತು. ಹೋಳಿಗೆ ಉಂಡು ಗೌಂಡಿಗಳು ಅಲ್ಲೇ ಅಡ್ಡಾದರು. ಆ ಹೊತ್ತಿಗೆ ಟಿವಿಯಲ್ಲಿ "ಕಪ್ಪು ನಿಲುವಂಗಿಯವನು ನಾಪತ್ತೆ! ಮುಂದಿನ ಗುರಿ ಯಾವ ಊರು?" ಎಂದು ಬರುತ್ತಿತ್ತು. ತನ್ನ ಹೋರಾಟಕ್ಕೆ ಬೆದರಿ ಓಡಿದ ಎಂದು ಮುಖಂಡ ಬ್ಯಾನರ್ ಕಟ್ಟಿಸಿದ. ಅದಕ್ಕೆ ಹಗ್ಗ ಕಟ್ಟಲು ನಮ್ಮ ನಿಚ್ಚಣಿಕೆಯನ್ನೇ ಒಯ್ದಿದ್ದರು.

ನಾನು ಆ ಹನ್ನೊಂದು ಮಂದಿಗೂ ತಪ್ಪೊಪ್ಪಿಗೆ ಬರೆದೆ. ಗಡಿಗೆಯ ಫೋಟೋ ಹಾಕಿ, ಇದು ನಮ್ಮ ಮನೆಯ ಗೊಂಬೆ, ಕ್ಷಮಿಸಿ, ಎಂದು ಕಳಿಸಿದೆ. ಮೊದಲನೆಯದನ್ನು ಹನ್ನೊಂದೂ ಮಂದಿ ಊರೆಲ್ಲ ಹಂಚಿದ್ದರು. ಇದನ್ನು ಒಬ್ಬರೂ ಹಂಚಲಿಲ್ಲ. ಒಬ್ಬಳು ಮಾತ್ರ ಉತ್ತರ ಬರೆದಳು: "ಗೊಂಬಿ ಮೀಸಿ ಚೆಂದ ಐತಿ."

ಘಟಿಕೋತ್ಸವ ಕೊನೆಗೂ ಆಯಿತು. ಚಾಚಾ ತೋಳು ಉದ್ದ ಮಾಡಿಕೊಟ್ಟರು, ಆದರೆ ಬಿಸಿಲಿಗೆ ಬೆಳ್ಳಗಾದ ಭುಜಕ್ಕೆ ಅವರೂ ಏನೂ ಮಾಡಲಾಗಲಿಲ್ಲ. ಫೋಟೋವನ್ನು ಸ್ಲ್ಯಾಬಿನ ಮೇಲೆಯೇ ತೆಗೆಸಿದೆವು. ನಾನು ಕೈ ಕಟ್ಟದೆ ನಿಂತೆ. ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ನಿಧಾನವಾಯಿತು, ಕಿಟಕಿಯಿಂದ ಐದಾರು ಫೋನುಗಳು ಹೊರಬಂದವು.

"ಕೈ ಅಲ್ಲಾಡಿಸು!" ಎಂದು ಅವ್ವ ಕೆಳಗಿಂದ ಒದರಿದಳು. "ಲಗೂನ ಅಲ್ಲಾಡಿಸ ಯವ್ವಾ, ಇನ್ನ ಗೋಡಿ ಗಿಲಾವು ಬಾಕಿ ಐತಿ, ಗೌಂಡಿಗಳು ಮತ್ತ ಚೀಲ ಕಟ್ಟ್ಯಾರು!"