ತಪ್ಪು ನಂದ ಎನ್ನುತ್ತಿದ್ದ ವಕೀಲರು

ಬಳ್ಳಾರಿಯ ವಕೀಲ ಭೀಮರಾಜರು ತೀರಿಕೊಂಡರು. ಮನೆಯ ಸಾರಿಗೆ ಉಪ್ಪು ಹೆಚ್ಚಾದರೂ 'ತಪ್ಪು ನಂದ' ಎನ್ನುವವರು. ಕುರುಗೋಡಿನ ಕಕ್ಷಿದಾರ ಬಸ್ಸು ತಪ್ಪಿಸಿಕೊಂಡರೆ ಅದಕ್ಕೂ 'ತಪ್ಪು ನಂದರೀ, ನನ್ನ ಮಾತು ಉದ್ದ ಆತು' ಎನ್ನುವವರು. ಮೇಲ್ಮನವಿಯ ಗಡುವನ್ನು ಅವರು ಮರೆತಿದ್ದರಿಂದ ಅವರ ಕಕ್ಷಿದಾರಳಾದ ಸಿರುಗುಪ್ಪದ ಮಾರೆಮ್ಮ ಮನೆ ಕಳೆದುಕೊಂಡಳು. ವಕೀಲರ ತಪ್ಪಿನಿಂದಾದ ನಷ್ಟ ತುಂಬಿಕೊಡುವ ವಿಮೆ ಅವರಿಗಿತ್ತು. ಅಂದೇ ಕಂಪನಿಗೆ ತಿಳಿಸಿದರು. ಆಕೆ ದಾವೆ ಹೂಡಲಿ, ನೀವು ಮಾತ್ರ ತಪ್ಪು ಒಪ್ಪಬೇಡಿ, ಒಪ್ಪಿದರೆ ಪರಿಹಾರವಿಲ್ಲ ಎಂದಿತು ಕಂಪನಿ. ಮನೆ ಕಳೆದುಕೊಂಡವಳ ಮುಂದೆ ಬಾಯಿ ಕಟ್ಟುವುದಕ್ಕೆ ನಿಯಮವೆಂದು ಹೆಸರು. ಸಹ ವಕೀಲರಂತೂ, 'ಸುಮ್ನಿರಪಾ, ಆಕಿಗೇನು ತಿಳಿತೈತಿ' ಎಂದು ನಕ್ಕರು. ಸಾಯುವ ಹಿಂದಿನ ದಿನ ಭೀಮರಾಜರು ಸಿರುಗುಪ್ಪಕ್ಕೆ ಹೋಗಿ ಗಡುವು ಮೀರಿದ್ದನ್ನು ಮಾರೆಮ್ಮನಿಗೆ ಬಿಡಿಸಿ ಹೇಳಿದರು. ಆಕೆಗೆ ಪರಿಹಾರ ತಪ್ಪಬಾರದೆಂದು, ಜೀವಮಾನವೆಲ್ಲ ಆಡಿದ ಆ ಒಂದು ಮಾತನ್ನು ಮಾತ್ರ ನುಂಗಿಕೊಂಡರು. 'ನಿಮ್ಮ ಮ್ಯಾಲೆ ಕೇಸ್ ಹಾಕಾಕ ನನಗೇನು ಹುಚ್ಚು ಹಿಡದೈತೇನ್ರಿ? ಚಾ ಕುಡೀರಿ' ಎಂದಳು ಮಾರೆಮ್ಮ. ಚಹಾ ಕುಡಿದು, ಆಕೆಯನ್ನು ಬಳ್ಳಾರಿಗೆ ಕರೆತಂದು, ಕೋರ್ಟಿನಲ್ಲಿ ತಮ್ಮನ್ನು ಸದಾ ಸೋಲಿಸುತ್ತಿದ್ದ ವಕೀಲೆ ಸುಮಂಗಲಾರ ಕಚೇರಿಯಲ್ಲಿ ಕೂರಿಸಿ, 'ಮೇಡಂ, ನನ್ನ ಮ್ಯಾಲೆ ಈಕಿದೊಂದು ಕೇಸ್ ಐತಿ, ಬಿಡಬ್ಯಾಡ್ರಿ' ಎಂದು ಹೇಳಿ ಹೊರಗೆ ಬಂದರು.