ಅಜ್ಜಿಯ ರಾಜ ಹಾರುತ್ತಿದ್ದ

ಆಗೆಲ್ಲ ಹದಿನಾರು ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ಅವರೆಕಾಯಿ ಕಾಲ ಬಂತೆಂದರೆ ಅಡುಗೆಮನೆಯಿಂದ ಹಾಸಿಗೆಯವರೆಗೂ ಸೊಗಡಿನದೇ ವಾಸನೆ. ಬೆಳಿಗ್ಗೆ ಅವರೆಕಾಳಿನ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ, ಹಿತಕಿದವರೆ ಸಾರು. ನಾನಾಗ ಆರನೇ ಕ್ಲಾಸು. ಅಂಥದೊಂದು ಚಳಿಗಾಲದಲ್ಲಿ ಅಪ್ಪನ ಅವ್ವ, ನಮ್ಮ ಅಜ್ಜಿ, ನನಗೆ ಚದುರಂಗ ಕಲಿಸಿದಳು. ಅವಳಿಗೆ ಅದನ್ನು ತವರೂರು ಕಳಲೆಯಲ್ಲಿ ಅವಳಪ್ಪ ಕಲಿಸಿದ್ದನಂತೆ.

ಜಗುಲಿಯ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಮನೆಗಳು. ರಾಜ, ಮಂತ್ರಿ, ಆನೆ, ಕುದುರೆ, ಒಂಟೆ ಮರದವು. ಸಿಪಾಯಿಗಳು ಯಾವತ್ತೋ ಕಳೆದುಹೋಗಿದ್ದರಿಂದ ನನ್ನ ಕಡೆಗೆ ಅವರೆಕಾಳು, ಅಜ್ಜಿಯ ಕಡೆಗೆ ಹುಣಸೆ ಬೀಜ. ಅಜ್ಜಿ ಅವರೆ ಸುಲಿಯುತ್ತಲೇ ನನ್ನನ್ನು ಸೋಲಿಸುತ್ತಿದ್ದಳು.

"ಮೊದ್ಲು ನಡು ಅಂಗ್ಳ ಇಡ್ಕೊ ಮಗ," ಎಂದು ಮಧ್ಯದ ನಾಲ್ಕು ಮನೆ ತೋರಿಸುತ್ತಿದ್ದಳು. "ಆಮೇಲೆ ಕುದ್ರೆ ಕೊಟ್ಗೆಯಿಂದ ಈಚೆಗ್ ಬರ್ಲಿ. ಮಂತ್ರೀನ ಈಗ್ಲೇ ಮೆರವಣ್ಗೆ ಕಳಿಸ್ಬ್ಯಾಡ."

"ರಾಜ?"

"ಅವ್ನ ಮೇಲೆ ಯಾರಾರ ಬೀಳಕ್ ಮುಂಚೆ ಒಂದೇ ಒಂದ್ ಕಿತ ಕುದ್ರೆ ಅಂಗೆ ಆರ್ಸು. ಮೂಲೇಲಿ ಬೆಚ್ಚಗಿರ್ಲಿ."

ಇಡೀ ಸ್ಕೂಲಿನಲ್ಲಿ ಚದುರಂಗ ಗೊತ್ತಿದ್ದವಳು ನಾನೊಬ್ಬಳೇ. ಹಾಗಾಗಿ ನರಸೀಪುರದಲ್ಲಿ ಮಕ್ಕಳ ಪಂದ್ಯ ಎಂದಾಗ ಪಿಟಿ ಮೇಷ್ಟ್ರು ನನ್ನನ್ನೇ ಬಸ್ಸು ಹತ್ತಿಸಿದರು. ಗೆದ್ದೇ ಬರುತ್ತೇನೆಂದು ನಾನು ಬೀದಿಗೆಲ್ಲ ಸಾರಿಯಾಗಿತ್ತು. ಮೊದಲೆರಡು ಆಟ ಗೆದ್ದೂ ಬಿಟ್ಟೆ. ಎದುರಿನವರು ಮಂತ್ರಿಯನ್ನು ಬೇಗ ಹೊರಗೆ ಬಿಟ್ಟರು, ನನ್ನ ಕುದುರೆಗಳು ಅಟ್ಟಾಡಿಸಿದವು. ರಾಜನನ್ನು ಅಲುಗಿಸಬೇಕಾಗಿಯೇ ಬರಲಿಲ್ಲ.

ಮೂರನೆಯದರಲ್ಲಿ ರಾಜನನ್ನು ಠೀವಿಯಿಂದ ಎತ್ತಿ ಮೂಲೆಯ ಕಡೆಗೆ ಹಾರಿಸಿದೆ. ಎದುರಿನ ಹುಡುಗ ಕೈಯೆತ್ತಿದ.

"ಸಾ, ಇವ್ಳ ರಾಜ ಕುದ್ರೆ ತರ ಆರ್ತಾನೆ!"

ಕೊಠಡಿಯೆಲ್ಲ ನಕ್ಕಿತು. ತೀರ್ಪುಗಾರರು ಪಾಪ ಸಮಾಧಾನವಾಗಿಯೇ ಹೇಳಿದರು: ರಾಜ ಹಾರುವಂತಿಲ್ಲ, ಆದರೆ ಮುಟ್ಟಿದ್ದರಿಂದ ಅವನನ್ನೇ ನಡೆಸಬೇಕು. ಇದ್ದದ್ದು ಮುಂದಿನ ಒಂದೇ ಮನೆ. ನನ್ನ ರಾಜ ಬಟಾಬಯಲಿಗೆ ಬಂದು ನಿಂತ. ಆರೇ ನಡೆಯಲ್ಲಿ ಆಟ ಮುಗಿಯಿತು.

ಸಂಜೆ ಅಜ್ಜಿ ಜಗುಲಿಯಲ್ಲೇ ಕಾಯುತ್ತಿದ್ದಳು.

"ಗೆದ್ಯಾ ಮಗ?"

"ನಿನ್ನ ಆಟಾನೇ ತಪ್ಪಂತೆ. ರಾಜ ಆರಂಗೇ ಇಲ್ವಂತೆ. ಪುಸ್ತಕದಲ್ಲೇ ಅದಂತೆ. ಎಲ್ಲಾರೂ ನಗಾಡುದ್ರು!"

"ನಮ್ಮಪ್ಪ ಇಂಗೇ ಏಳ್ಕೊಟ್ಟಿದ್ದು," ಎಂದಷ್ಟೇ ಹೇಳಿ ಅಜ್ಜಿ ಮೊರ ಎತ್ತಿಕೊಂಡು ಒಳಗೆ ಹೋದಳು. ನನಗೆ ಅಳು ಬಂದದ್ದು ಸೋಲಿಗೆ ಮಾತ್ರ. ಅವಳ ಮುಖ ನೋಡುವಷ್ಟು ಬುದ್ಧಿ ಆಗ ಇರಲಿಲ್ಲ.

ಎರಡು ದಿನ ಜಗುಲಿಯಲ್ಲಿ ಆಟವಿಲ್ಲ. ಮೂರನೇ ದಿನ ಅವಳೇ ಸೀಮೆಸುಣ್ಣ ಹಿಡಿದು ಬಂದಳು. "ಬಾ, ಆ ಪುಸ್ತಕದ ಆಟ ನಂಗೂ ಏಳ್ಕೊಡು." ಪಿಟಿ ಮೇಷ್ಟ್ರು ಕೊಟ್ಟ ಪುಸ್ತಕ ನೋಡಿಕೊಂಡು ನಾನು ಮೇಷ್ಟರಂತೆಯೇ ಗತ್ತಿನಿಂದ ಹೇಳಿಕೊಟ್ಟೆ: ರಾಜ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಪಕ್ಕಕ್ಕೆ ಬಂದು ನಿಲ್ಲುತ್ತದೆ.

"ರಾಜ ಆರಂಗಿಲ್ಲ, ಆನೆ ಆರ್ಬೋದಾ? ಒಳ್ಳೆ ನ್ಯಾಯ ಕಣವ್ವ!" ಎಂದು ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಪ್ಪತ್ತರ ವಯಸ್ಸಿನಲ್ಲಿ ಎಲ್ಲವನ್ನೂ ಹೊಸದಾಗಿ ಕಲಿತಳು. ದಿನಾ ಜೊತೆಗೆ ಆಡಿ ನನ್ನನ್ನು ಪಳಗಿಸಿದಳು. ಮರುವರ್ಷ ನರಸೀಪುರದಲ್ಲಿ ನಾನು ಗೆದ್ದು ತಂದ ಸ್ಟೀಲ್ ತಟ್ಟೆಯನ್ನು ಮನೆಗೆ ಬಂದವರಿಗೆಲ್ಲ ತೋರಿಸಿದಳು. ಅಷ್ಟು ದೊಡ್ಡ ಮನಸ್ಸಿನವರನ್ನು ನಾನು ಆಮೇಲೆ ಕಂಡಿಲ್ಲ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಮೈಸೂರಿನಲ್ಲಿ ಚೆಸ್ ಕ್ಲಾಸಿಗೆ ಹೋಗುವ ನನ್ನ ಮಗಳು ಮೊನ್ನೆ ಈ ಕತೆ ಕೇಳಿ, "ಮುತ್ತಜ್ಜಿ ಆಟ ಆಡೋಣಮ್ಮ," ಎಂದಳು. ಕಾಯಿ ಜೋಡಿಸಿ ಕೂತೆವು. "ಸಿಪಾಯಿ ಆ ತುದಿ ಮುಟ್ಟಿದ್ರೆ ಏನಾಗ್ತಿತ್ತು? ರಾಜ ಒಬ್ಬನೇ ಉಳಿದ್ರೆ?" ಅಜ್ಜಿಯದು ತಪ್ಪಾಟವಲ್ಲ, ನಮ್ಮ ಕಡೆಯ ಹಳೆಯ ಚದುರಂಗ; ಇದಕ್ಕೆಲ್ಲ ಅದರಲ್ಲಿ ಬೇರೆಯೇ ಕಾನೂನುಗಳಿದ್ದವು. ನನಗೆ ಒಂದೂ ನೆನಪಿಲ್ಲ. ಹದಿನಾರು, ಕಳಲೆ ಎರಡೂ ಕಡೆ ವಿಚಾರಿಸಿದೆ. ಗೊತ್ತಿರುವವರು ಯಾರೂ ಇಲ್ಲ. ಗೊತ್ತಿದ್ದ ಕೊನೆಯವಳಿಗೆ ಅದು ತಪ್ಪೆಂದು ಹೇಳಿ ಮರೆಸಿದವಳು ನಾನೇ.