ಮೊದಲನೇ ತೊಟ್ಟಿಯ ಮೀಟರು

ಡಿಪ್ಲೊಮಾ ಮುಗಿಸಿ ಎರಡು ವರ್ಷ ಯಳಂದೂರಿನಲ್ಲಿ ರೇಡಿಯೊ, ಮಿಕ್ಸಿ ರಿಪೇರಿ ಮಾಡಿಕೊಂಡಿದ್ದ ನನಗೆ ಕೊಳ್ಳೇಗಾಲದ ರೇಷ್ಮೆ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಆಗಿನ್ನೂ ತೊಂಬತ್ತರ ದಶಕದ ಆರಂಭ. ಕಾರ್ಖಾನೆ ಎಂದರೆ ಶೀಟು ಹೊದಿಸಿದ ಉದ್ದನೆಯ ಶೆಡ್ಡು, ಹಿಂದೆ ಒಂದು ಬಾಯ್ಲರು, ಒಳಗೆ ಮೂರು ಸಾಲು ಬಿಸಿನೀರಿನ ತೊಟ್ಟಿಗಳು. ಒಂದೊಂದು ತೊಟ್ಟಿಯ ಮುಂದೆ ಒಬ್ಬ ಹೆಂಗಸು ಕೂತು, ಬೇಯಿಸಿದ ಗೂಡುಗಳನ್ನು ನೀರಿನಲ್ಲಿ ತೇಲಿಸಿ, ಎಳೆಯ ತುದಿ ಹಿಡಿದು ರಾಟೆಗೆ ಸೇರಿಸುತ್ತಿದ್ದಳು. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಬೆರಳು ನೀರಿನಲ್ಲೇ.

ಮಾಲೀಕರು ಹತ್ತಿರದ ಹಳ್ಳಿಯ ಜಮೀನ್ದಾರರು, ಹಣೆಯ ಮೇಲೆ ವಿಭೂತಿ ಎಂದೂ ಅಳಿಸಿದ್ದಿಲ್ಲ. ಯಾವುದೋ ಪ್ರದರ್ಶನದಲ್ಲಿ ನೋಡಿ ಮರುಳಾಗಿ, ನೀರಿನ ಬಿಸಿ ತಾನೇ ಅಳೆದು ತಾನೇ ಆವಿಯ ವಾಲ್ವು ತೆರೆದು ಮುಚ್ಚುವ ಕಂಟ್ರೋಲ್ ಪ್ಯಾನೆಲ್ ಒಂದನ್ನು ತರಿಸಿದ್ದರು. ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಕಂಪನಿಯವನು ಬಂದು ಜೋಡಿಸಿದ ಮೊದಲ ದಿನ ಅದರ ಕೆಂಪು ಅಂಕಿಗಳು ಹೊತ್ತಿಕೊಂಡಾಗ ಇನ್ನು ಮುಂದೆ ಕಾರ್ಖಾನೆಗಳೆಲ್ಲ ಹೀಗೇ ನಡೆಯುವುದು ಎಂದು ನನಗೆ ಖಾತ್ರಿಯಾಗಿತ್ತು. ಅಂದಾಜು ಎಂಬ ಮಾತೇ ಇರುವುದಿಲ್ಲ, ಎಲ್ಲವೂ ಅಳತೆ. ಹಾಗೆಂದು ಮೇಸ್ತ್ರಿಗೂ ಹೇಳಿದೆ. ಮೂವತ್ತು ವರ್ಷ ಚರಕದಲ್ಲಿ ನೂಲು ತೆಗೆದಿದ್ದ ಆ ಮನುಷ್ಯ ಎಲೆಅಡಿಕೆ ಉಗಿದು ಬಂದು, "ಕರೆಂಟು ಓದಾಗ ಅದೂ ನಿಮ್ಮಂಗೇ ಸುಮ್ನೆ ಕೂತ್ಕತದೆ ಸಾ" ಎಂದ.

ಹಾಗೇ ಆಯಿತು. ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತಿತ್ತು. ಬಂದಾಗಲೆಲ್ಲ ಪ್ಯಾನೆಲ್ ನಾನು ಕೊಟ್ಟ ಅಂಕಿ ಮರೆತು ಕಂಪನಿ ಇಟ್ಟಿದ್ದ ತನ್ನ ಹುಟ್ಟು ಅಂಕಿಗೆ ಮರಳುತ್ತಿತ್ತು. ಮತ್ತೆ ಓಡಿ ಹೋಗಿ ಒತ್ತಬೇಕು. ನೀರಿನಲ್ಲಿಟ್ಟ ಸೆನ್ಸರಿನ ಕಡ್ಡಿಗೆ ಗೂಡಿನ ಅಂಟು ಮೆತ್ತಿಕೊಂಡು ವಾರಕ್ಕೊಮ್ಮೆ ಕೆರೆಯಬೇಕು. ಬಿಸಿ ಏರುಪೇರಾದಾಗಲೆಲ್ಲ ಕಿರುಚುವ ಬಝರಿನ ಸದ್ದಿಗೆ ತಲೆಕೆಟ್ಟು ಮೇಸ್ತ್ರಿ ಅದರ ಬಾಯಿಗೆ ಬಟ್ಟೆ ತುರುಕಿದ್ದ. ನಾನು ತೆಗೆದೆ, ಅವನು ತುರುಕಿದ. ಹೀಗೆ ಒಂದು ತಿಂಗಳು ನಡೆಯಿತು. ಕೊನೆಗೆ ನಾನೇ ಬಿಟ್ಟೆ.

ಇಷ್ಟನ್ನೆಲ್ಲ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ಮೊದಲನೇ ಸಾಲಿನ ಕೊನೆಯ ತೊಟ್ಟಿಯ ಹೆಂಗಸನ್ನು. ಸುಮಾರು ನಲವತ್ತರ ವಯಸ್ಸು. ಅಗರದ ಕಡೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಕೆಲಸದಲ್ಲಿ ಅವಳಷ್ಟು ಚುರುಕಾದವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಆದರೆ ನಾನು ಆ ಕಡೆ ಹೋದಾಗಲೆಲ್ಲ ಒಂದೇ ಮಾತು.

"ಸಾ, ಈ ತೊಟ್ಟಿ ನೀರು ಸುಡ್ತದೆ."

ನಾನು ಪ್ಯಾನೆಲ್ ಕಡೆ ಕೈ ತೋರಿಸುತ್ತಿದ್ದೆ. "ಅಲ್ಲಿ ನೋಡಮ್ಮ. ಎಷ್ಟಿರಬೇಕೋ ಅಷ್ಟೇ ಇದೆ."

"ಮೀಟ್ರು ಆ ತುದೀಲದೆ. ನಾನು ಈ ತುದೀಲಿವ್ನಿ ಸಾ."

ಅದನ್ನು ನಾನು ಅಧಿಕಪ್ರಸಂಗ ಎಂದುಕೊಂಡೆ. ಅವಳು ಚೊಂಬಿನಲ್ಲಿ ತಣ್ಣೀರು ತಂದು ತನ್ನ ತೊಟ್ಟಿಗೆ ಸುರಿದುಕೊಳ್ಳುತ್ತಿದ್ದಳು. ಒಮ್ಮೆ ಅದನ್ನು ಕಂಡು, ಹೀಗೆ ಮಾಡಿದರೆ ಮೆಷಿನ್ನಿನ ಲೆಕ್ಕ ತಪ್ಪುತ್ತದೆ ಎಂದು ಎಲ್ಲರೆದುರು ಗದರಿದೆ. ಅವಳು ಚೊಂಬನ್ನು ಕಾಲ ಬಳಿ ಇಟ್ಟು ಕೆಲಸ ಮುಂದುವರಿಸಿದಳು. ಮರುದಿನ ಚೊಂಬು ತರಲಿಲ್ಲ.

ಕೆಲವು ವಾರಗಳ ನಂತರ ಒಂದು ಸೋಮವಾರ ಅವಳು ಎರಡೂ ಕೈಯ ಬೆರಳುಗಳಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡು ಬಂದಳು. ಬಟ್ಟೆ ಬಿಚ್ಚಿ ಕೂತರೂ ಎಳೆಯ ತುದಿ ಸಿಗುತ್ತಿರಲಿಲ್ಲ. ಮೇಸ್ತ್ರಿ ಮನೆಗೆ ಹೋಗೆಂದ. ಅವಳು ಎದ್ದು ನೇರ ನನ್ನ ಹತ್ತಿರ ಬಂದಳು.

"ಒಂದ್ಸಲ ನಿಮ್ ಬೆರಳು ಅದ್ದಿ ನೋಡಿ ಸಾ. ಆಮೇಲೆ ನೀವೇಳ್ದಂಗೆ ಕೇಳ್ತೀನಿ."

ನಾನು ಬೆರಳು ಅದ್ದಲಿಲ್ಲ. ಡಿಪ್ಲೊಮಾ ಓದಿದವನು ಬೆರಳಿನಿಂದ ಬಿಸಿ ನೋಡುವುದೇ ಎಂಬ ಬಿಂಕ. ಪೆಟ್ಟಿಗೆಯಲ್ಲಿದ್ದ ಪಾದರಸದ ಥರ್ಮಾಮೀಟರು ತಂದೆ. ಸತ್ಯ ತಿಳಿಯಲು ಅಲ್ಲ, ಅವಳ ಬಾಯಿ ಮುಚ್ಚಿಸಲು. ಮೊದಲನೇ ತೊಟ್ಟಿಯಲ್ಲಿ ಅದ್ದಿದಾಗ ಪ್ಯಾನೆಲ್ಲಿನ ಅಂಕಿಗೂ ಪಾದರಸಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹೆಮ್ಮೆಯಿಂದ ಅವಳ ಮುಖ ನೋಡಿದೆ. ಅವಳು, "ಮುಂದಕ್ಕೋಗಿ" ಎಂದಳು. ಮೂರನೆಯದರಲ್ಲಿ ಪಾದರಸ ಸ್ವಲ್ಪ ಏರಿತು. ಆರನೆಯದರಲ್ಲಿ ಇನ್ನಷ್ಟು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಹೆಂಗಸರೆಲ್ಲ ರಾಟೆ ಬಿಟ್ಟು ನೋಡುತ್ತಿದ್ದರು. ಕೊನೆಯ ತೊಟ್ಟಿಯಲ್ಲಿ ಪಾದರಸ ಪ್ಯಾನೆಲ್ಲಿನ ಅಂಕಿಯನ್ನು ಎಷ್ಟೋ ದಾಟಿತ್ತು. ಥರ್ಮಾಮೀಟರು ಒರೆಸಿಕೊಂಡು ಪೈಪುಗಳ ಕಡೆ ನಡೆದೆ.

ಕಾರಣ ಹುಡುಕಲು ಐದು ನಿಮಿಷ ಸಾಕಾಯಿತು. ತಣ್ಣೀರಿನ ಪೈಪು ಬರುವುದು ಮೊದಲನೇ ತೊಟ್ಟಿಗೆ, ಆವಿಯ ಪೈಪು ಬರುವುದು ಕೊನೆಯ ತೊಟ್ಟಿಯ ಕಡೆಯಿಂದ. ಮಾರಲು ಬಂದವರು ತೊಟ್ಟಿಗೊಂದು ಸೆನ್ಸರು ಬೇಕೆಂದಿದ್ದರಂತೆ, ಮಾಲೀಕರು ಸಾಲಿಗೊಂದು ಸಾಕೆಂದಿದ್ದರು. ಆ ಒಂದನ್ನು ಎಲ್ಲಿಡುವುದು ಎಂದು ಕಂಪನಿಯವನು ಕೇಳಿದಾಗ ಮೊದಲನೇ ತೊಟ್ಟಿ ತೋರಿಸಿದವನು ನಾನೇ. ಯಾಕೆಂದರೆ ಕೇಬಲ್ ಅಷ್ಟಕ್ಕೇ ಸಾಕಾಗಿತ್ತು. ಅವನು ಅದನ್ನೇ ಡ್ರಾಯಿಂಗಿನಲ್ಲಿ ಬರೆದುಕೊಂಡಿದ್ದ. ಅಲ್ಲಿ ನೀರು ತಣ್ಣಗಿದೆಯೆಂದು ಸೆನ್ಸರು ಹೇಳುತ್ತಿತ್ತು, ಪ್ಯಾನೆಲ್ ಆವಿ ಬಿಡುತ್ತಿತ್ತು, ಆ ಆವಿ ಮೊದಲು ಹೋಗಿ ನುಗ್ಗುತ್ತಿದ್ದುದು ಅವಳ ತೊಟ್ಟಿಗೆ.

ಅವಳಿಗೆ ತಪ್ಪಾಯಿತು ಎನ್ನಬೇಕಿತ್ತು. "ಸರಿ ಮಾಡ್ತೀನಿ" ಎಂದಷ್ಟೇ ಅಂದೆ.

ಮಾಲೀಕರ ಬಳಿ ಹೋಗಿ, ಕಂಪನಿಯ ಸೀಲು ಬಿಚ್ಚಿ ಸೆನ್ಸರನ್ನು ನಡುವಿನ ತೊಟ್ಟಿಗೆ ಸರಿಸೋಣ ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, "ನೂಲು ಚೆನ್ನಾಗೇ ಬತ್ತಾ ಅದಲ್ಲಪ್ಪಾ. ಸೀಲು ಒಡೆದ್ರೆ ಗ್ಯಾರಂಟಿ ಓಯ್ತದೆ. ಕಂಪ್ನಿಯೋರ್ನೇ ಕರ್ಸು" ಎಂದರು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಕಂಪನಿಗೆ ಫೋನು ಮಾಡಿದೆ. ಮುಂದಿನ ವಾರ ಎಂದರು. ಆ ಮುಂದಿನ ವಾರ ಎರಡು ತಿಂಗಳಾದರೂ ಬರಲಿಲ್ಲ. ಅಷ್ಟರಲ್ಲಿ ನಾನೇ ಗುಟ್ಟಾಗಿ ಬಿಸಿಯ ಅಂಕಿ ಇಳಿಸಿ ನೋಡಿದೆ. ಮತ್ತೆ ಕೆಲಸಕ್ಕೆ ಬಂದಿದ್ದ ಕೊನೆಯ ತೊಟ್ಟಿಯವಳಿಗೆ ಹಿತವಾಯಿತು, ಆದರೆ ಮೊದಲ ನಾಲ್ಕು ತೊಟ್ಟಿಗಳಲ್ಲಿ ನೀರು ಉಗುರುಬೆಚ್ಚಗಾಗಿ ಎಳೆ ಪಟಪಟ ಕಿತ್ತುಹೋಗತೊಡಗಿತು. ಆ ಹೆಂಗಸರು ಜಗಳಕ್ಕೆ ಬಂದರು. ಅವರ ಮಾತೂ ನ್ಯಾಯವೇ. ಅಂಕಿಯನ್ನು ಮತ್ತೆ ಮೇಲಕ್ಕೆ ಒತ್ತಿದೆ. ಆ ಗುಂಡಿ ಒತ್ತುವಾಗ ಅವಳ ತುದಿಯ ಕಡೆ ನೋಡಲಿಲ್ಲ.

ಕೊನೆಗೆ ಒಂದು ಭಾನುವಾರ, ಕಾರ್ಖಾನೆಗೆ ರಜೆಯಿದ್ದಾಗ, ಸೀಲು ಒಡೆದೆ. ಕೇಬಲ್ಲಿಗೆ ತುಂಡು ಸೇರಿಸಿ, ಟೇಪು ಸುತ್ತಿ, ಸೆನ್ಸರನ್ನು ಸಾಲಿನ ನಡುವಿನ ತೊಟ್ಟಿಗೆ ತಂದೆ. ಮರುದಿನ ಬೆಳಗ್ಗೆ ಚೆನ್ನಾಗಿ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ಹಬೆ ಕೇಬಲ್ಲಿನ ಜೋಡಣೆಯೊಳಕ್ಕೆ ಇಳಿದು ಪ್ಯಾನೆಲ್ ಹುಚ್ಚುಹುಚ್ಚಾದ ಅಂಕಿ ತೋರಿಸಿ ಆವಿ ಪೂರ್ತಿ ನಿಲ್ಲಿಸಿತು. ಬೆಂದ ಗೂಡುಗಳೆಲ್ಲ ಬುಟ್ಟಿಯಲ್ಲೇ ಹಾಳಾದವು. ಮಾಲೀಕರು ಶೆಡ್ಡಿನ ಬಾಗಿಲಲ್ಲಿ ನಿಂತು ನನ್ನನ್ನು ಬೈದರು. ಎರಡು ತಿಂಗಳು ಬಾರದ ಕಂಪನಿಯವನು, ಸೀಲು ಒಡೆದಿದ್ದಾರೆಂದು ತಿಳಿದ ಮೂರನೇ ದಿನಕ್ಕೇ ಬಂದ. ನಾನು ಥರ್ಮಾಮೀಟರು ಹಿಡಿದು ಸಾಲಿನುದ್ದಕ್ಕೂ ಅವನನ್ನು ಕರೆದುಕೊಂಡು ಹೋದೆ. ನೋಡಿದ, ತಲೆಯಾಡಿಸಿದ. ಆಮೇಲೆ ಡ್ರಾಯಿಂಗಿನಲ್ಲಿ ಹೇಗಿದೆಯೋ ಹಾಗೆ ಎಂದು ಸೆನ್ಸರನ್ನು ತಿರುಗಿ ಮೊದಲನೇ ತೊಟ್ಟಿಗೇ ಬಿಗಿದು, ಹೊಸ ಸೀಲು ಹಾಕಿ ಹೋದ.

ಆ ವಾರದ ಕೊನೆಗೆ ಅವಳು ಕೆಲಸ ಬಿಟ್ಟಳು.

ಅವಳು ಹೋದ ಮೇಲೆ ನನಗೆ ಸುಲಭದ ಉಪಾಯ ಹೊಳೆದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಬಜಾರಿನ ಪ್ಲಂಬರನೊಬ್ಬನನ್ನು ಕರೆತಂದು ಕೊನೆಯ ತೊಟ್ಟಿಗಳಿಗೆ ಹೋಗುವ ಆವಿಯ ಪೈಪಿಗೆ ಕೈಯಲ್ಲಿ ತಿರುಗಿಸುವ ಸಾದಾ ವಾಲ್ವುಗಳನ್ನು ಹಾಕಿಸಿದೆ. ಅರ್ಧ ದಿನದ ಕೆಲಸ. ಬಿಸಿ ಹೆಚ್ಚಾದರೆ ಆ ತೊಟ್ಟಿಯವಳೇ ತಿರುಗಿಸಿಕೊಳ್ಳುತ್ತಿದ್ದಳು. ಸುಡುವ ದೂರು ನಿಂತಿತು. ಮುಂದೆ ಯಾರಾದರೂ ಕಾರ್ಖಾನೆ ನೋಡಲು ಬಂದರೆ ಮಾಲೀಕರು ಆ ವಾಲ್ವುಗಳನ್ನೂ ಪ್ಯಾನೆಲ್ಲಿನ ಜೊತೆ ತೋರಿಸುತ್ತಿದ್ದರು.

ಆರು ತಿಂಗಳ ಮೇಲೆ ಯಳಂದೂರಿನ ಬಸ್ಸಿನಲ್ಲಿ ಅವಳು ಕಂಡಳು. ಪಕ್ಕದ ಸೀಟಿಗೆ ಹೋಗಿ ಕೂತು ವಾಲ್ವಿನ ವಿಷಯ ಹೇಳಿ, ತಿರುಗಿ ಬರುವಂತೆ ಕೇಳಿದೆ.

"ಇಷ್ಟಕ್ಕೆ ಇಷ್ಟ್ ದಿಸ ಬೇಕಾಯ್ತಾ ಸಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬ್ಯಾಡ ಬುಡಿ. ಈಗ ಇಪ್ಪನೇರಳೆ ಸೊಪ್ಪು ಕುಯ್ಯಾಕೆ ಓಯ್ತೀನಿ. ಸೊಪ್ಪು ತಣ್ಣಗಿರ್ತದೆ."

ಬೆರಳುಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಅವು ಹೇಗಿವೆ ಎಂದು ನಾನು ಕೇಳಲಿಲ್ಲ. ಅಗರದ ತಿರುವಿನಲ್ಲಿ ಅವಳು ಇಳಿದು ಹೋದಳು.

ಹೊರಗಿನ ರೇಷ್ಮೆ ಬಂದು ಬೆಲೆ ಬಿದ್ದ ಮೇಲೆ ಆ ಕಾರ್ಖಾನೆ ಮುಚ್ಚಿತು. ನಾನು ಹನೂರು ರಸ್ತೆಯ ಕಲ್ಲು ಕೊಯ್ಯುವ ಘಟಕಕ್ಕೆ ಎಲೆಕ್ಟ್ರಿಷಿಯನ್ ಆಗಿ ಸೇರಿದೆ. ಎರಡು ಸಾವಿರದ ನಾಲ್ಕರಲ್ಲಿ ಕೈಗಾರಿಕಾ ಇಲಾಖೆಯವರು ನಮ್ಮಂಥವರನ್ನೆಲ್ಲ ಮೈಸೂರಿಗೆ ಕರೆದು ಒಂದು ದಿನದ ತರಬೇತಿ ಕೊಟ್ಟರು. ಟೈ ಕಟ್ಟಿದ್ದವರೊಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದರು. ಮುಂದೆ ಸೆನ್ಸರುಗಳು ತಂತಿಯಿಲ್ಲದೆ ಒಂದರೊಡನೊಂದು ಮಾತಾಡುತ್ತವೆ, ಮೆಷಿನ್ನು ಕೆಡುವ ಮೊದಲೇ ತಿಳಿಸುತ್ತವೆ, ದೂರದ ಊರಿನಲ್ಲಿ ಕೂತು ಕಾರ್ಖಾನೆ ನಡೆಸಬಹುದು. ಅವರ ಮಾತಿನಲ್ಲಿ ಸುಳ್ಳಿತ್ತು ಎಂದು ನನಗೆ ಅನ್ನಿಸಲಿಲ್ಲ. ಅದೆಲ್ಲ ಬರುತ್ತದೆ, ಬರಲಿ. ನಾನೂ ಅದನ್ನೇ ನಂಬಿ ಕೆಲಸಕ್ಕೆ ಸೇರಿದವನು.

ಎದ್ದು ಕೇಳಿದೆ. "ಸೆನ್ಸರು ಎಲ್ಲಿಡಬೇಕು ಅಂತ ಯಾರು ಹೇಳ್ತಾರೆ ಸಾರ್? ಆ ಜಾಗದಲ್ಲಿ ಕೆಲಸ ಮಾಡೋರನ್ನ ಕೇಳ್ತಾರಾ?"

"ಅದು ಡಿಸೈನ್ ಹಂತದಲ್ಲೇ ತೀರ್ಮಾನ ಆಗಿರುತ್ತೆ" ಎಂದರು ಅವರು.

ಮತ್ತೊಂದು ಪ್ರಶ್ನೆಗೆ ಬಾಯಿ ತೆರೆದೆ. ಪಕ್ಕದಲ್ಲಿದ್ದ ನಮ್ಮ ಘಟಕದ ಸೂಪರ್‌ವೈಸರು ಅಂಗಿ ಜಗ್ಗಿ, "ಕೂತ್ಕಳಿ ಸಾ, ಊಟಕ್ಕೆ ಒತ್ತಾಯ್ತು" ಎಂದ. ಕೂತೆ. ಟೈ ಕಟ್ಟಿದ್ದವರು ಮುಂದಿನ ಚಿತ್ರಕ್ಕೆ ಹೋದರು.